ತಿಳವಳ್ಳಿ ಸೀಮೆಯ ಸಾಲಿ: ದುಡ್ಡಿನ ಲೆಕ್ಕ, ಓದಿನ ಲೆಕ್ಕ

ಹಾನಗಲ್ ತಾಲ್ಲೂಕಿನ ದಕ್ಷಿಣದ ಅಂಚಿನಲ್ಲಿ ತಿಳವಳ್ಳಿ ಇದೆ. ಒಂದು ಮಗ್ಗುಲಿಗೆ ಹಿರೇಕೆರೂರು, ಇನ್ನೊಂದು ಮಗ್ಗುಲಿಗೆ ಸೊರಬದ ಮಲೆನಾಡು. ಶಾಂತೇಶ್ವರ ದೇಗುಲದ ಹಳೆಯ ಕಲ್ಲು, ಕೆರೆ, ಭತ್ತದ ಗದ್ದೆ, ಆ ಗದ್ದೆಯನ್ನೇ ಮೆಲ್ಲಗೆ ಒತ್ತರಿಸಿಕೊಂಡು ಬರುತ್ತಿರುವ ಗೋವಿನಜೋಳ ಮತ್ತು ಅಡಿಕೆ. ಮುಂಗಾರು ಹಿಡಿಯುವ ಹೊತ್ತಿಗೇ ಸಾಲಿಯೂ ಶುರು. ಬೀಜ, ಗೊಬ್ಬರಕ್ಕೆ ಸಾಲ ಮಾಡುವ ವಾರದಲ್ಲೇ ಮಗುವನ್ನು ಊರಿನ ಕನ್ನಡ ಸಾಲಿಗೆ ಕಳಿಸುವುದೋ, ಖಾಸಗಿ ಶಾಲೆಯ ಹಳದಿ ಬಸ್ಸು ಹತ್ತಿಸುವುದೋ ಎಂಬ ತೀರ್ಮಾನವೂ ಆಗಬೇಕು. ಹತ್ತಿಸಿದರೆ ಫೀಸಿನ ಮೊದಲ ಕಂತು ಕಟ್ಟಬೇಕು. ಹತ್ತಿಸದಿದ್ದರೆ ಮಗುವಿನ ಓದನ್ನು ಊರಿನ ಸಾಲಿ ನೋಡಿಕೊಳ್ಳುತ್ತದೆ ಎಂದು ನಂಬಬೇಕು. ಆ ನಂಬಿಕೆಗೆ ಆಧಾರವೇನು, ಸಾಲಿಯ ಮೇಲೆ ಊರಿಗಿರುವ ಹಿಡಿತ ಎಷ್ಟು, ಅಲ್ಲಿಗೆ ಬರುವ ದುಡ್ಡೆಷ್ಟು, ಆ ದುಡ್ಡಿಗೂ ಮಗುವಿನ ಓದಿಗೂ ಏನು ಸಂಬಂಧ ಎಂಬುದನ್ನು ಒಟ್ಟಿಗೆ ಇಟ್ಟು ನೋಡುವವರು ಕಡಿಮೆ.

ಕಾಗದದ ಮೇಲೆ ಊರಿನ ಕೈ ದೊಡ್ಡದು. ಪ್ರತಿ ಸರ್ಕಾರಿ ಪ್ರಾಥಮಿಕ ಶಾಲೆಗೂ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇದೆ. ಎಲ್ಲರ ಬಾಯಲ್ಲಿ ಅದು ಎಸ್‌ಡಿಎಂಸಿ. ರಾಜಾ ರಾಮಣ್ಣ ನೇತೃತ್ವದ ಕಾರ್ಯಪಡೆಯ ಶಿಫಾರಸಿನ ಬೆನ್ನಿಗೆ 2001ರ ಏಪ್ರಿಲ್ 28ರ ಆದೇಶದಿಂದ ಇದು ಹುಟ್ಟಿತು. 2006ರಲ್ಲಿ ಮಾದರಿ ಉಪವಿಧಿಗಳು ಬಂದವು. ಕೇಂದ್ರದ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಾದಾಗ, ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಹೆಣ್ಣುಮಕ್ಕಳಿರಬೇಕು ಎಂಬುದು ದೇಶದ ಕಾನೂನೇ ಆಯಿತು. ಶಾಲೆಯ ಕೆಲಸವನ್ನು ಗಮನಿಸುವುದು, ಅಭಿವೃದ್ಧಿ ಯೋಜನೆ ತಯಾರಿಸುವುದು, ಬಂದ ಅನುದಾನ ಹೇಗೆ ಖರ್ಚಾಯಿತು ಎಂದು ನೋಡುವುದು ಈ ಮೂರೂ ಸಮಿತಿಯ ಕೆಲಸವೆಂದು ಕಾಯ್ದೆಯ 21ನೆಯ ಕಲಮು ಹೇಳುತ್ತದೆ. ಮುಖ್ಯಶಿಕ್ಷಕರು ಕಾರ್ಯದರ್ಶಿ. ಬ್ಯಾಂಕ್ ಖಾತೆ ಅಧ್ಯಕ್ಷರ ಮತ್ತು ಮುಖ್ಯಶಿಕ್ಷಕರ ಜಂಟಿ ಹೆಸರಿನಲ್ಲಿ. ಚೆಕ್ಕಿಗೆ ಇಬ್ಬರ ಸಹಿಯೂ ಬೇಕು.

ಈ ಸಮಿತಿಗಳು ಏನು ಮಾತಾಡುತ್ತವೆ ಎಂದು ತಿಳಿಯಲು ಯಾವುದೇ ಶಾಲೆಯ ನಡಾವಳಿ ಪುಸ್ತಕ ತೆರೆದರೆ ಸಾಕು. ಕಾಂಪೌಂಡ್, ಶೌಚಾಲಯದ ಬಾಗಿಲು, ಸೋರುವ ಹಂಚು, ನೀರಿನ ಸಿಂಟೆಕ್ಸ್, ಆಗಸ್ಟ್ 15ರ ಸಿಹಿ, ಬಿಸಿಯೂಟದ ಬೇಳೆ. ಎಲ್ಲವೂ ಬೇಕಾದ ಮಾತುಗಳೇ. ಆದರೆ ಮೂರನೆಯ ತರಗತಿಯಲ್ಲಿ ಎಷ್ಟು ಮಕ್ಕಳು ಒಂದು ಸಣ್ಣ ಕತೆಯನ್ನು ತಡವರಿಸದೆ ಓದುತ್ತಾರೆ ಎಂಬ ಸಾಲು ಅಲ್ಲಿ ಸಿಗುವುದು ಅಪರೂಪ. ಇದಕ್ಕೆ ಪೋಷಕರನ್ನು ದೂರುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ. ಕಾಂಪೌಂಡ್ ಬಿದ್ದರೆ ಕಣ್ಣಿಗೆ ಕಾಣುತ್ತದೆ, ಓದು ಬಿದ್ದರೆ ಹಾಗೆ ಕಾಣುವುದಿಲ್ಲ. ತಾನೇ ಐದನೆಯ ಇಯತ್ತೆಗೆ ಸಾಲಿ ಬಿಟ್ಟ ತಾಯಿ, “ನನ್ನ ಮಗ ಯಾಕ ಓದಾಕ ಬರವಲ್ದು, ಅಕ್ಕೋರ?” ಎಂದು ಶಿಕ್ಷಕಿಯನ್ನು ಕೇಳಬೇಕಾದರೆ ಅವಳ ಕೈಯಲ್ಲಿ ಏನಾದರೂ ಆಧಾರ ಇರಬೇಕು. ಆ ಆಧಾರವನ್ನು ವ್ಯವಸ್ಥೆ ಅವಳಿಗೆ ಕೊಟ್ಟಿಲ್ಲ.

ಈಗ ದುಡ್ಡಿನ ಮಾತು. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಶಾಲೆಗೆ ವರ್ಷಕ್ಕೊಂದು ಸಂಯುಕ್ತ ಅನುದಾನ ಬರುತ್ತದೆ. ಕೇಂದ್ರ 60, ರಾಜ್ಯ 40ರ ಪಾಲು. ಯೋಜನೆಯ ಚೌಕಟ್ಟಿನ ಪ್ರಕಾರ ಮಕ್ಕಳು 30ರೊಳಗಿದ್ದರೆ 10 ಸಾವಿರ ರೂಪಾಯಿ, 31ರಿಂದ 100ರವರೆಗೆ 25 ಸಾವಿರ, 250ರವರೆಗೆ 50 ಸಾವಿರ, ಸಾವಿರದವರೆಗೆ 75 ಸಾವಿರ. ಎಂಬತ್ತು ಮಕ್ಕಳ ಒಂದು ಹಿರಿಯ ಪ್ರಾಥಮಿಕ ಶಾಲೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಲೆಕ್ಕ ಹಾಕೋಣ. ಬರುವುದು 25 ಸಾವಿರ. ಅದರಲ್ಲಿ ಕನಿಷ್ಠ ಹತ್ತನೆಯ ಒಂದು ಪಾಲು, ಅಂದರೆ 2,500 ರೂಪಾಯಿ, ಸ್ವಚ್ಛತೆಗೇ ಎಂದು ನಿಯಮ. ಉಳಿದ ಇಪ್ಪತ್ತೆರಡೂವರೆ ಸಾವಿರದಲ್ಲಿ ಸೀಮೆಸುಣ್ಣ, ಹಾಜರಿ ಪುಸ್ತಕ, ಪ್ರಶ್ನೆಪತ್ರಿಕೆಯ ಝೆರಾಕ್ಸ್, ನಲ್ಲಿ ರಿಪೇರಿ, ಒಡೆದ ಗಾಜು, ಸುಣ್ಣಬಣ್ಣ, ಮಕ್ಕಳ ವಿವರವನ್ನು ಎಸ್‌ಎಟಿಎಸ್ ತಂತ್ರಾಂಶಕ್ಕೆ ಏರಿಸಲು ಇಂಟರ್‌ನೆಟ್. ತಲೆಗೆ ಹಂಚಿದರೆ ಒಂದು ಮಗುವಿಗೆ ಇಡೀ ವರ್ಷಕ್ಕೆ ಮುನ್ನೂರು ರೂಪಾಯಿಯ ಆಸುಪಾಸು. ಕರೆಂಟ್ ಬಿಲ್ಲೂ ಬಹಳ ಕಾಲ ಇಂಥ ಸಾದಿಲ್ವಾರು ದುಡ್ಡಿನಲ್ಲೇ ಹೋಗುತ್ತಿತ್ತು. ಸರ್ಕಾರಿ ಶಾಲೆಗೆ ವಿದ್ಯುತ್ ಉಚಿತ ಎಂದು ಮುಖ್ಯಮಂತ್ರಿ ಘೋಷಿಸಿದ್ದು 2023ರ ರಾಜ್ಯೋತ್ಸವದ ದಿನ.

ಅದೇ ಶಾಲೆಯ ಇನ್ನೊಂದು ಲೆಕ್ಕವಿದೆ. ಅದು ಪೋಷಕರ ಕಣ್ಣಿಗೆ ಬೀಳುವುದೇ ಇಲ್ಲ. ಏಳನೆಯ ವೇತನ ಆಯೋಗದ ಜಾರಿಯ ನಂತರವಂತೂ, ಹಿರಿಯ ಶಿಕ್ಷಕರೊಬ್ಬರ ಒಂದೇ ತಿಂಗಳ ಸಂಬಳ ಶಾಲೆಯ ಇಡೀ ವರ್ಷದ ಅನುದಾನಕ್ಕಿಂತ ಹೆಚ್ಚು. ನಾಲ್ವರು ಕಾಯಂ ಶಿಕ್ಷಕರಿದ್ದರೆ ಆ ಶಾಲೆಯ ಮೇಲೆ ಸರ್ಕಾರ ವರ್ಷಕ್ಕೆ ಹತ್ತಾರು ಲಕ್ಷ ಖರ್ಚು ಮಾಡುತ್ತಿದೆ ಎಂದಾಯಿತು. ಪುಸ್ತಕ, ಸಮವಸ್ತ್ರ, ಹಾಲು, ಊಟ ಬೇರೆ. ಸಂಬಳ ಹೆಚ್ಚಾಯಿತು ಎನ್ನುವುದು ನನ್ನ ದೂರಲ್ಲ. ಹಳ್ಳಿಯ ಸಾಲಿಗೆ ಒಳ್ಳೆಯ ಮಾಸ್ತರು ಬರಬೇಕಾದರೆ ಒಳ್ಳೆಯ ಸಂಬಳ ಬೇಕೇ ಬೇಕು. ದೂರು ಬೇರೆಯೇ ಇದೆ: ದೊಡ್ಡ ಖರ್ಚಿನ ಬಗ್ಗೆ ಊರನ್ನು ಯಾರೂ ಕೇಳುವುದಿಲ್ಲ, ಚಿಲ್ಲರೆ ಖರ್ಚಿಗೆ ಮಾತ್ರ ಊರಿನ ಸಹಿ ಬೇಕು. ಹದಿನೆಂಟು ಮಂದಿ ಪೋಷಕರನ್ನು ಆರಿಸಿ, ಕೂರಿಸಿ, ಕಟ್ಟಕಡೆಗೆ ಅವರ ಮುಂದೆ ಇಡುವುದು ನಲ್ಲಿ ರಿಪೇರಿಯ ರಸೀದಿಯನ್ನು. ಹಾಗಿದ್ದ ಮೇಲೆ ಸಭೆಯ ಮಾತು ನಲ್ಲಿಯ ಸುತ್ತಲೇ ಸುತ್ತಿದರೆ ಆಶ್ಚರ್ಯವೇನು?

ಬಿಸಿಯೂಟದ ಮೊಟ್ಟೆಯ ಲೆಕ್ಕವನ್ನು ಹತ್ತಿರದಿಂದ ನೋಡಿದರೆ ಈ ಚಿಲ್ಲರೆಯ ಕಷ್ಟ ಅರ್ಥವಾಗುತ್ತದೆ. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಷನ್ ನೆರವಿನಿಂದ ವಾರದ ಆರೂ ದಿನ ಮೊಟ್ಟೆ, ಅದು ಬೇಡವೆಂದವರಿಗೆ ಬಾಳೆಹಣ್ಣು ಅಥವಾ ಚಿಕ್ಕಿ ಕೊಡುವ ಏರ್ಪಾಡಾಯಿತು. ಹಸಿದು ಬರುವ ಮಕ್ಕಳಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಒಂದು ಮೊಟ್ಟೆಗೆ ಗೊತ್ತುಪಡಿಸಿದ್ದು ಒಟ್ಟು 6 ರೂಪಾಯಿ. ಅದರಲ್ಲೇ ಕೊಳ್ಳುವುದಕ್ಕೆ 5 ರೂಪಾಯಿ 20 ಪೈಸೆ, ಬೇಯಿಸಲು 30 ಪೈಸೆ, ಸುಲಿಯಲು 30 ಪೈಸೆ, ಸಾಗಿಸಲು 20 ಪೈಸೆ. ಪೇಟೆಯಲ್ಲಿ ಮೊಟ್ಟೆಯ ದರ ಏರಿದಾಗ ಕಡಿಮೆ ಬಿದ್ದ ದುಡ್ಡನ್ನು ಮುಖ್ಯಶಿಕ್ಷಕರು ಕೈಯಿಂದ ಹಾಕಬೇಕಾಯಿತು ಎಂಬ ದೂರು ರಾಜ್ಯದ ಎಲ್ಲ ಕಡೆಯಿಂದ ಕೇಳಿಬಂತು. ಸಂತೆಯ ದಿನ ಮೊಟ್ಟೆಯ ದರ ವಿಚಾರಿಸಿ, ಟ್ರೇ ಎಣಿಸಿ, ಒಡೆದದ್ದನ್ನು ಬದಿಗಿಟ್ಟು, ಯಾರಿಗೆ ಮೊಟ್ಟೆ, ಯಾರಿಗೆ ಬಾಳೆಹಣ್ಣು ಎಂದು ವಹಿಯಲ್ಲಿ ಬರೆದು ಆಮೇಲೆ ತರಗತಿಗೆ ಹೋಗುವ ಹೆಡ್ ಮಾಸ್ತರರ ಬೆಳಗಿನ ಅರ್ಧ ಹೊತ್ತು ಅಲ್ಲೇ ಕಳೆದಿರುತ್ತದೆ.

ದುಡ್ಡು ಸಾಲದೆಂದು 2022ರ ಅಕ್ಟೋಬರಿನಲ್ಲಿ ಇಲಾಖೆ ಒಂದು ಸುತ್ತೋಲೆ ಹೊರಡಿಸಿತು. ಎಸ್‌ಡಿಎಂಸಿಗಳು ಪೋಷಕರಿಂದ ತಿಂಗಳಿಗೆ 100 ರೂಪಾಯಿವರೆಗೆ ಸ್ವಇಚ್ಛೆಯ ದೇಣಿಗೆ ಪಡೆಯಬಹುದು ಎಂದಿತ್ತು ಅದರಲ್ಲಿ. ಉಚಿತ ಶಿಕ್ಷಣ ಕೊಡಬೇಕಾದವರೇ ಬಡವರ ಜೇಬಿಗೆ ಕೈ ಹಾಕುತ್ತಾರೆಯೇ ಎಂಬ ಗದ್ದಲ ಎದ್ದು, ಕೆಲವೇ ದಿನಗಳಲ್ಲಿ ಸುತ್ತೋಲೆ ವಾಪಸಾಯಿತು. ವಾಪಸಾದದ್ದು ಸರಿಯೇ. ಆದರೂ ಆ ಗದ್ದಲದಲ್ಲಿ ಕೇಳಬೇಕಾಗಿದ್ದ ಇನ್ನೊಂದು ಪ್ರಶ್ನೆ ಕೇಳದೇ ಉಳಿಯಿತು. ಶಾಲೆಗೆ ಈಗಾಗಲೇ ಬರುತ್ತಿರುವ ಹಣದ ಪೂರ್ತಿ ಲೆಕ್ಕವನ್ನು ಪೋಷಕರಿಗೆ ತೋರಿಸದೆ, ಕಡಿಮೆ ಬಿದ್ದದ್ದನ್ನು ಅವರಿಂದ ಕೇಳುವುದು ನ್ಯಾಯವೇ?

ನಮ್ಮ ಸೀಮೆಗೆ ಈ ಪ್ರಶ್ನೆ ಹೊಸದಲ್ಲ. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಎಲ್ಲವೂ 1997ರ ಆಗಸ್ಟಿನಲ್ಲಿ ಹಾವೇರಿ ಜಿಲ್ಲೆಯಾಗುವವರೆಗೆ ಧಾರವಾಡ ಜಿಲ್ಲೆಯ ಊರುಗಳು. ಅದಕ್ಕೂ ಹಿಂದೆ ಹಾನಗಲ್ ಸೀಮೆ ಮುಂಬಯಿ ಪ್ರಾಂತ್ಯದಲ್ಲಿತ್ತು. 1860ರ ದಶಕದಲ್ಲೇ ಆ ಪ್ರಾಂತ್ಯದಲ್ಲಿ ಭೂಕಂದಾಯದ ಪ್ರತಿ ರೂಪಾಯಿಗೆ ಒಂದಾಣೆ ಲೋಕಲ್ ಫಂಡ್ ಸೆಸ್ ಹಾಕಿದರು. ಮೂರರಲ್ಲಿ ಎರಡು ಪಾಲು ರಸ್ತೆ ಮುಂತಾದ ಕೆಲಸಕ್ಕೆ, ಒಂದು ಪಾಲು ಸಾಲಿಗೆ. ಅಂದರೆ ರೈತ ಕಟ್ಟಿದ ಕಂದಾಯದ ಜೊತೆಗೇ ಸಾಲಿಯ ದುಡ್ಡೂ ಹುಟ್ಟುತ್ತಿತ್ತು. ಡೆಪ್ಯುಟಿ ಚನ್ನಬಸಪ್ಪನವರಂಥವರು ಧಾರವಾಡದಲ್ಲಿ ಕನ್ನಡ ಸಾಲಿಗಳಿಗಾಗಿ, ಅವುಗಳಿಗೆ ಬೇಕಾದ ಮಾಸ್ತರರಿಗಾಗಿ ದುಡಿದ ಕಾಲವೂ ಅದೇ. ಮುಂದೆ 1923ರ ಕಾಯ್ದೆ ಪ್ರಾಥಮಿಕ ಶಿಕ್ಷಣವನ್ನು ಸ್ಥಳೀಯ ಸಂಸ್ಥೆಗಳ ಕೈಗೆ ಕೊಟ್ಟಿತು, ಜಿಲ್ಲೆಗೊಂದು ಸ್ಕೂಲ್ ಬೋರ್ಡ್ ಬಂತು. ಈ ಭಾಗದ ಹಳಬರ ಬಾಯಲ್ಲಿ ‘ಸ್ಕೂಲ್ ಬೋರ್ಡ್ ಮಾಸ್ತರ’ ಎಂಬ ಮಾತು ಉಳಿದುಕೊಂಡದ್ದು ಅಲ್ಲಿಂದಲೇ. ಆ ಕಾಲ ಚಿನ್ನದಂಥದ್ದಾಗಿತ್ತು ಎಂದು ನಾನು ಹೇಳಲಾರೆ. ದಲಿತರ ಮಕ್ಕಳಿಗೂ ಹೆಣ್ಣುಮಕ್ಕಳಿಗೂ ಆ ಸಾಲಿಯ ಬಾಗಿಲು ಎಷ್ಟು ತೆರೆದಿತ್ತು ಎಂಬುದು ಎಲ್ಲರಿಗೂ ಗೊತ್ತು. ಆದರೆ ದುಡ್ಡು ಎಲ್ಲಿಂದ ಬಂತು, ಯಾರು ಖರ್ಚು ಮಾಡಿದರು, ಯಾರನ್ನು ಕೇಳಬೇಕು ಎಂಬುದಕ್ಕೆ ಜಿಲ್ಲೆಯೊಳಗೇ ಒಂದು ವಿಳಾಸವಿತ್ತು. ಅಮೆರಿಕದ ಸಣ್ಣ ಊರುಗಳಲ್ಲಿ ಇಂದಿಗೂ ಸ್ಕೂಲ್ ಡಿಸ್ಟ್ರಿಕ್ಟ್‌ಗೆ ಜನರೇ ಬೋರ್ಡ್ ಆರಿಸುತ್ತಾರೆ, ಮನೆ-ಜಮೀನಿನ ತೆರಿಗೆಯ ದೊಡ್ಡ ಪಾಲು ಅದಕ್ಕೇ ಹೋಗುತ್ತದೆ. ಅಲ್ಲಿ ಶ್ರೀಮಂತ ಊರಿಗೆ ಶ್ರೀಮಂತ ಶಾಲೆ, ಬಡ ಊರಿಗೆ ಬಡ ಶಾಲೆ ಎಂಬ ಅನ್ಯಾಯ ಬೆಳೆದಿದೆ. ತಿಳವಳ್ಳಿಗೆ ಅಂಥ ತೆರಿಗೆ ಬೇಡ. ಬೇಕಾದದ್ದು ಕೇಳುವ ಅಧಿಕಾರ.

ಆ ಅಧಿಕಾರ ಇರಬೇಕಾದ ಜಾಗ ಈಗ ಖಾಲಿ ಇದೆ. 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಪ್ರಾಥಮಿಕ ಶಾಲೆಗಳ ಸಂಬಳದ ಹಣ ತಾಲ್ಲೂಕು ಪಂಚಾಯ್ತಿಯ ಲೆಕ್ಕಶೀರ್ಷಿಕೆಯಲ್ಲಿ, ಪ್ರೌಢಶಾಲೆಗಳದ್ದು ಜಿಲ್ಲಾ ಪಂಚಾಯ್ತಿಯ ಲೆಕ್ಕದಲ್ಲಿ ಹರಿಯುತ್ತದೆ. ಜಿಲ್ಲಾ ಪಂಚಾಯ್ತಿಯಲ್ಲಿ ಶಿಕ್ಷಣ ಮತ್ತು ಆರೋಗ್ಯ ಸ್ಥಾಯಿ ಸಮಿತಿ ಎಂಬುದೇ ಒಂದುಂಟು. ತಿಳವಳ್ಳಿ ಕಡೆಯ ಒಬ್ಬ ಸದಸ್ಯ ಅಲ್ಲಿ ಎದ್ದು ನಿಂತು, ನಮ್ಮ ಕಡೆಯ ಶಾಲೆಗಳಲ್ಲಿ ಗಣಿತದ ಮಾಸ್ತರರಿಲ್ಲ ಎಂದು ಜಿಲ್ಲೆಯ ಶಿಕ್ಷಣಾಧಿಕಾರಿ ಡಿಡಿಪಿಐ ಅವರನ್ನು ಕೇಳಬಹುದಿತ್ತು. ಆದರೆ ತಾಲ್ಲೂಕು, ಜಿಲ್ಲಾ ಪಂಚಾಯ್ತಿಗಳಿಗೆ ಕೊನೆಯ ಚುನಾವಣೆ ನಡೆದದ್ದು 2016ರಲ್ಲಿ. 2021ರಲ್ಲಿ ಅವಧಿ ಮುಗಿಯಿತು. ಮೀಸಲಾತಿ, ಕ್ಷೇತ್ರ ವಿಂಗಡಣೆ, ಕೋರ್ಟು ಎನ್ನುತ್ತ ವರ್ಷಗಳೇ ಉರುಳಿದವು. ಆಡಳಿತಾಧಿಕಾರಿಗಳ ಕೈಯಲ್ಲಿ ಕಡತ ಓಡಾಡುತ್ತದೆ. ಶಾಸಕರ ಅಧ್ಯಕ್ಷತೆಯಲ್ಲಿ ಇಲಾಖೆಗಳ ಪ್ರಗತಿ ನೋಡುವ ಕೆಡಿಪಿ ಸಭೆಯಲ್ಲಿ ತಾಲ್ಲೂಕಿನ ಶಿಕ್ಷಣಾಧಿಕಾರಿ ಬಿಇಒ ಎದ್ದು ವರದಿ ಓದುತ್ತಾರೆ, ಮುಂದಿನ ಇಲಾಖೆಯ ಸರದಿ ಬರುತ್ತದೆ. ಶಾಲೆಯ ಹಣೆಬರಹ ಇಷ್ಟು ದೂರದಲ್ಲಿ ತೀರ್ಮಾನವಾಗುವುದನ್ನು ನೋಡಿದರೆ ಸಂಕಟವಾಗುತ್ತದೆ.

ಮಾಸ್ತರರ ವಿಷಯದಲ್ಲಂತೂ ಊರಿನ ಮಾತಿಗೆ ಕಿಮ್ಮತ್ತೇ ಇಲ್ಲ. ವರ್ಗಾವಣೆ ಕಾಯ್ದೆ ಶಾಲೆಗಳನ್ನು ಎ, ಬಿ, ಸಿ ವಲಯಗಳಾಗಿ ಹಂಚಿದೆ. ಪೇಟೆಯಿಂದ ದೂರವಾದಷ್ಟೂ ಸಿ. ಅಲ್ಲಿಗೆ ಬಂದವರು ವರ್ಷಗಳನ್ನು ಎಣಿಸಿ ಕೌನ್ಸೆಲಿಂಗ್‌ನಲ್ಲಿ ಹೊರಡುವುದು ಮನುಷ್ಯ ಸಹಜ. ಪದವೀಧರ ಪ್ರಾಥಮಿಕ ಶಿಕ್ಷಕರ 15 ಸಾವಿರ ಹುದ್ದೆಗಳಿಗೆ 2022ರ ಮೇ ತಿಂಗಳಲ್ಲಿ ಪರೀಕ್ಷೆ ನಡೆಯಿತು. ಮದುವೆಯಾದ ಹೆಣ್ಣುಮಕ್ಕಳು ತಂದೆಯ ಜಾತಿ-ಆದಾಯ ಪ್ರಮಾಣಪತ್ರ ಕೊಡಬೇಕೋ ಗಂಡನದೋ ಎಂಬ ತಕರಾರು ಹೈಕೋರ್ಟಿಗೆ ಹೋಯಿತು. ಆಯ್ಕೆಯಾದ 13 ಸಾವಿರಕ್ಕೂ ಹೆಚ್ಚು ಮಂದಿ ಶಾಲೆ ಸೇರಲು 2023ರ ಕೊನೆಯಾಯಿತು. ಅಷ್ಟರಲ್ಲಿ ಆರನೆಯ ತರಗತಿಯಲ್ಲಿದ್ದ ಮಗು ಎಂಟಕ್ಕೆ ಹೋಗಿತ್ತು. ನಡುವಿನ ತೂತು ಮುಚ್ಚಿದವರು ಅತಿಥಿ ಶಿಕ್ಷಕರು. ಪ್ರಾಥಮಿಕದಲ್ಲಿ ಅವರಿಗೆ ಆಗ ತಿಂಗಳಿಗೆ 10 ಸಾವಿರ ಗೌರವಧನ. 2025ರ ಬಜೆಟ್ ಅದಕ್ಕೆ ಎರಡು ಸಾವಿರ ಸೇರಿಸಿತು. ಬೇಸಿಗೆ ರಜೆಯಲ್ಲಿ ಅದೂ ಇಲ್ಲ. ಬಿಎಡ್ ಮಾಡಿದ ಊರಿನದೇ ಹುಡುಗಿ ಕೂಲಿಯಾಳಿನಷ್ಟು ದುಡ್ಡಿಗೆ ಮೂರು ತರಗತಿ ಹಿಡಿದು ಪಾಠ ಮಾಡುತ್ತಾಳೆ. ಅವಳಿಲ್ಲದಿದ್ದರೆ ಎಷ್ಟೋ ಶಾಲೆಗಳ ಬಾಗಿಲು ಮಾತ್ರ ತೆರೆದಿರುತ್ತಿತ್ತು.

ಇದ್ದ ಶಿಕ್ಷಕರೂ ಪೂರ್ತಿ ತರಗತಿಗೆ ಸಿಗುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ನಡೆದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಮನೆಮನೆ ತಿರುಗಿದವರು ಇವರೇ. ಗಣತಿ ಮುಗಿಯಲಿಲ್ಲವೆಂದು ದಸರಾ ರಜೆ ಅಕ್ಟೋಬರ್ 18ರವರೆಗೆ ಹಿಗ್ಗಿತು. ಸಮೀಕ್ಷೆ ಬೇಕಿತ್ತು ಎನ್ನುವವನೇ ನಾನು. ಆದರೆ ಕಳೆದುಹೋದ ಆ ದಿನಗಳ ಬೆಲೆ ತೆತ್ತದ್ದು ಸರ್ಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳು ಮಾತ್ರ. ಹಳದಿ ಬಸ್ಸಿನ ಮಕ್ಕಳ ಮಾಸ್ತರರು ಗಣತಿಗೆ ಹೋಗಲಿಲ್ಲ.

ಇನ್ನು ಓದು. ಒಂದರಿಂದ ಮೂರನೆಯ ತರಗತಿಯವರೆಗೆ ನಲಿ-ಕಲಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಹುಟ್ಟಿ, 2009-10ರಲ್ಲಿ ರಾಜ್ಯಕ್ಕೆಲ್ಲ ಹಬ್ಬಿದ ಪದ್ಧತಿ. ಮೂರೂ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪುಗುಂಪಾಗಿ ಕೂರುತ್ತಾರೆ. ಗೋಡೆಯ ಕೆಳಗೆ ಮಗುವಿನ ಕೈಗೆಟಕುವ ಎತ್ತರದಲ್ಲಿ ಕರಿ ಹಲಗೆ, ಮೇಲೆ ದಾರಕ್ಕೆ ಇಳಿಬಿಟ್ಟ ಚಿತ್ರಗಳು, ಕಲಿಕಾ ಏಣಿ. ಮಗು ತನ್ನ ಮೆಟ್ಟಿಲು ಗುರುತಿಸಿ, ಕಾರ್ಡ್ ತೆಗೆದುಕೊಂಡು, ತನಗೆ ಸಂಬಂಧಿಸಿದ ‘ತಟ್ಟೆ’ ಎಂಬ ಗುಂಪಿನಲ್ಲಿ ಕೂರುತ್ತದೆ. ಒಂದು ತಟ್ಟೆಗೆ ಶಿಕ್ಷಕಿಯ ಪೂರ್ತಿ ಸಹಾಯ, ಮತ್ತೊಂದಕ್ಕೆ ಗೆಳೆಯರದು, ಕೊನೆಯದರಲ್ಲಿ ಸ್ವಂತ ಕಲಿಕೆ. ಚೆನ್ನಾಗಿ ನಡೆದರೆ ಇಷ್ಟು ಚೆಂದದ ತರಗತಿ ಬೇರೊಂದಿಲ್ಲ. ಆದರೆ ಅದರ ಜೀವ ಆ ಅಕ್ಕೋರ ಕೈಯಲ್ಲಿದೆ. ಅವರು ಒಂದು ವಾರ ಟ್ರೇನಿಂಗಿಗೆ, ಇನ್ನೊಂದು ವಾರ ಸಮೀಕ್ಷೆಗೆ ಹೋದರೆ ಏಣಿಯ ಮೇಲಿನ ಮಗು ಅದೇ ಮೆಟ್ಟಿಲಲ್ಲಿ ನಿಲ್ಲುತ್ತದೆ. ಪಕ್ಕದ ಕೋಣೆಯಿಂದ ಬಂದು ಕೂರುವ ಮಾಸ್ತರರಿಗೆ ಯಾವ ಮಗು ಯಾವ ಮೆಟ್ಟಿಲಲ್ಲಿದೆ ಎಂದು ಗೊತ್ತಿರುವುದಿಲ್ಲ.

2022ರ ಅಸರ್ ಸಮೀಕ್ಷೆ ಕರ್ನಾಟಕದ ಗ್ರಾಮೀಣ ಮಕ್ಕಳ ಓದನ್ನು ಅಳೆದಾಗ, ಮೂರನೆಯ ತರಗತಿಯ ನೂರು ಮಕ್ಕಳಲ್ಲಿ ಎರಡನೆಯ ತರಗತಿಯ ಪಠ್ಯ ಓದಬಲ್ಲವರು ಹತ್ತಕ್ಕೂ ಕಡಿಮೆ. ಐದನೆಯ ತರಗತಿಯಲ್ಲಿ ಮೂವತ್ತರ ಆಸುಪಾಸು. ಕೊರೊನಾ ಕಾಲದ ಪೆಟ್ಟು ಅದರಲ್ಲಿತ್ತು ನಿಜ. ‘ಕಲಿಕಾ ಚೇತರಿಕೆ’ ಎಂಬ ಕಾರ್ಯಕ್ರಮವನ್ನೂ ಇಲಾಖೆ ನಡೆಸಿತು. ಆದರೆ ಆಗ ಓದಲಾರದೆ ಮೇಲಿನ ತರಗತಿಗೆ ಹತ್ತಿದ ಮಕ್ಕಳೇ ಒಬ್ಬೊಬ್ಬರಾಗಿ ಎಸ್ಸೆಸ್ಸೆಲ್ಸಿಯ ಬಾಗಿಲಿಗೆ ಬರುತ್ತಿದ್ದಾರೆ. 2023ರಲ್ಲಿ ರಾಜ್ಯದ ಫಲಿತಾಂಶ ಶೇ 83.89. ಮರುವರ್ಷ ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಬಂತು. ಕೃಪಾಂಕ ಹೆಚ್ಚಿಸಿಯೂ ಫಲಿತಾಂಶ ಶೇ 73.40ಕ್ಕೆ ಇಳಿಯಿತು. 2025ರಲ್ಲಿ ಆ ಹೆಚ್ಚಿನ ಕೃಪಾಂಕ ನಿಂತಿತು, ಫಲಿತಾಂಶ ಶೇ 66.14 ಆಯಿತು. ದಕ್ಷಿಣ ಕನ್ನಡ ತೊಂಬತ್ತು ದಾಟಿದರೆ ಕಲಬುರಗಿ ಐವತ್ತನ್ನೂ ಮುಟ್ಟಲಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ತೇರ್ಗಡೆಯ ಗೆರೆಯನ್ನು ಶೇ 33ಕ್ಕೆ ಇಳಿಸುವ ಘೋಷಣೆ ಹೊರಬಿತ್ತು. ಫಲಿತಾಂಶ ಬಿದ್ದಾಗೆಲ್ಲ ಹತ್ತನೆಯ ತರಗತಿಗೆ ಬೆಳಿಗ್ಗೆ ವಿಶೇಷ ತರಗತಿ, ಸಂಜೆ ಗುಂಪು ಓದು, ಮಾಸ್ತರರ ಮನೆಭೇಟಿ. ಹತ್ತನೆಯ ತರಗತಿಗೆ ಸುರಿಯುವ ಈ ಬೆವರಿನ ಅರ್ಧವನ್ನಾದರೂ ಮೂರನೆಯ ತರಗತಿಗೆ ಸುರಿದಿದ್ದರೆ ಎಂದು ನನಗೆ ಪ್ರತಿ ಮೇ ತಿಂಗಳೂ ಅನಿಸುತ್ತದೆ. ಹತ್ತನೆಯದಕ್ಕೆ ಪರ್ಸೆಂಟೇಜ್ ಇದೆ, ಜಿಲ್ಲೆಗೆ ರ‍್ಯಾಂಕ್ ಇದೆ, ಡಿಡಿಪಿಐಗೆ ನೋಟಿಸ್ ಇದೆ. ಮೂರನೆಯದಕ್ಕೆ ಕೇಳುವವರೇ ಇಲ್ಲ.

ಪೋಷಕರು ಇದನ್ನೆಲ್ಲ ಅಂಕಿಯಲ್ಲಿ ಹೇಳದಿದ್ದರೂ ಕಾಲಿನಿಂದ ಹೇಳುತ್ತಿದ್ದಾರೆ. 2019ರಿಂದ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆದರೂ ಹಳದಿ ಬಸ್ಸು ನಿಲ್ಲಲಿಲ್ಲ. ಮಕ್ಕಳು ಕಡಿಮೆಯಾದರೆ ‘ಹೆಚ್ಚುವರಿ’ ಎಂದು ಮಾಸ್ತರರನ್ನು ಎತ್ತುತ್ತಾರೆ. ಮಾಸ್ತರರು ಹೋದರೆ ಉಳಿದ ಮಕ್ಕಳೂ ಹೋಗುತ್ತಾರೆ. ಮಕ್ಕಳು 30ಕ್ಕೆ ಇಳಿದರೆ ಅನುದಾನವೂ 25 ಸಾವಿರದಿಂದ 10 ಸಾವಿರಕ್ಕೆ ಇಳಿಯುತ್ತದೆ, ಸೋರುವ ಹಂಚು ಮಾತ್ರ ಅಷ್ಟೇ ಇರುತ್ತದೆ. ಇದರ ಮೇಲೆ 2025-26ರ ಬಜೆಟ್ 500 ಹೊಸ ಕರ್ನಾಟಕ ಪಬ್ಲಿಕ್ ಶಾಲೆಗಳನ್ನು ಎಡಿಬಿ ನೆರವಿನಲ್ಲಿ, 2,500 ಕೋಟಿ ರೂಪಾಯಿ ವೆಚ್ಚದಲ್ಲಿ ಕಟ್ಟುವ ಮಾತಾಡಿತು. ದೊಡ್ಡ ಶಾಲೆ ಬಂದರೆ ಸುತ್ತಲಿನ ಸಣ್ಣ ಸಾಲಿಗಳು ಮುಚ್ಚುತ್ತವೆ ಎಂಬ ಭಯ ಹಳ್ಳಿಗಳಲ್ಲಿದೆ. ನನಗೆ ದೊಡ್ಡ ಶಾಲೆಯ ಬಗ್ಗೆ ವಿರೋಧವಿಲ್ಲ. ಪ್ರಯೋಗಾಲಯ, ಗ್ರಂಥಾಲಯ, ವಿಷಯಕ್ಕೊಬ್ಬ ಶಿಕ್ಷಕರು ಹಳ್ಳಿಯ ಮಕ್ಕಳಿಗೂ ಸಿಗಲಿ. ಆದರೆ ಆರು ವರ್ಷದ ಮಗು ಮಳೆಗಾಲದಲ್ಲಿ ಹಳ್ಳ ದಾಟಿ ಹೋಗಬೇಕೋ ಬೇಡವೋ ಎಂದು ತೀರ್ಮಾನಿಸುವಾಗ ಆ ಮಗುವಿನ ಅವ್ವನನ್ನೂ ಕೂರಿಸಿಕೊಳ್ಳಬೇಕು.

ಹೊಸ ಕಾಯ್ದೆ, ಹೊಸ ಸಮಿತಿ ಬೇಕಾಗಿಲ್ಲ. ‘ಸಮುದಾಯದತ್ತ ಶಾಲೆ’ ಎಂದು ಪೋಷಕರನ್ನು ಕರೆದು ಮಕ್ಕಳ ಪ್ರಗತಿ ತೋರಿಸುವ ದಿನ ನಮ್ಮ ಶಾಲೆಗಳಲ್ಲಿ ಹಿಂದಿನಿಂದಲೂ ಇದೆ. ಆ ದಿನ ಶಾಲೆಯ ಗೋಡೆಗೆ ಎರಡು ಹಾಳೆ ಅಂಟಿಸಲಿ. ಒಂದರಲ್ಲಿ ಈ ವರ್ಷ ಈ ಶಾಲೆಗೆ ಸಂಬಳ ಸೇರಿ ಬಂದ ಒಟ್ಟು ಹಣ, ಮಂಜೂರಾದ ಹುದ್ದೆ ಎಷ್ಟು, ಖಾಲಿ ಎಷ್ಟು, ಶಿಕ್ಷಕರು ಬೇರೆ ಕೆಲಸಕ್ಕೆ ಹೋದ ದಿನಗಳೆಷ್ಟು. ಇನ್ನೊಂದರಲ್ಲಿ, ಯಾವ ಮಗುವಿನ ಹೆಸರನ್ನೂ ಬರೆಯದೆ, ಪ್ರತಿ ತರಗತಿಯಲ್ಲಿ ಕತೆ ಓದುವವರೆಷ್ಟು, ಬರೀ ಅಕ್ಷರ ಗುರುತಿಸುವವರೆಷ್ಟು, ಕಳೆಯುವ ಲೆಕ್ಕ ಮಾಡುವವರೆಷ್ಟು. ಜೂನ್‌ನಲ್ಲಿ ಒಮ್ಮೆ, ನವೆಂಬರ್‌ನಲ್ಲಿ ಒಮ್ಮೆ, ಫೆಬ್ರುವರಿಯಲ್ಲಿ ಒಮ್ಮೆ. ಓದಿ ಹೇಳುವ ಕೆಲಸ ಊರಿನ ಪದವೀಧರ ಹುಡುಗರು ಮಾಡಲಿ. ಅದರ ಒಂದು ಪ್ರತಿ ಗ್ರಾಮ ಪಂಚಾಯ್ತಿಗೆ, ಒಂದು ಪ್ರತಿ ಹಾನಗಲ್ಲಿನ ಬಿಇಒ ಕಚೇರಿಗೆ ಹೋಗಲಿ. ಅಲ್ಲಿಂದ ಲಿಖಿತ ಉತ್ತರ ಬರುವವರೆಗೆ ಪ್ರತಿ ತಿಂಗಳ ನಡಾವಳಿಯ ಮೊದಲ ವಿಷಯ ಅದೇ ಆಗಿರಲಿ, ನಲ್ಲಿ ರಿಪೇರಿ ಎರಡನೆಯದು.